ಮಾರುವವರು ಯಾರು, ಯಾಕೆ ಮಾರುತ್ತಿದ್ದಾರೆ? ಸಣ್ಣ ಕಂಪನಿಯ ಷೇರು ಮತ್ತು ಐಪಿಒ ನೋಡುವ ಬಗೆ

ಜುಲೈ ತಿಂಗಳ ಒಂದು ಸಂಜೆ. ಶಿವಮೊಗ್ಗದಲ್ಲಿ ಬೆಳಗ್ಗೆಯಿಂದ ಬಿಡದೆ ಮಳೆ. ತೀರ್ಥಹಳ್ಳಿ ಹತ್ತಿರ ತೋಟ ಮಾಡಿಕೊಂಡಿರುವ ಅಕ್ಕನ ಮಗ ಬಂದಿದ್ದ. ಉಳಿಸಿಕೊಂಡಿದ್ದ ಕೊನೆಯ ಚೀಲದ ರಾಶಿ ಅಡಿಕೆಯನ್ನೂ ಮಾರಿ, ಮಂಡಿಯಲ್ಲಿ ಲೆಕ್ಕ ಮುಗಿಸಿಕೊಂಡು ನೇರವಾಗಿ ಮನೆಗೇ ಬಂದಿದ್ದ. ಕಾಫಿ ಲೋಟ ಕೈಗೆ ಕೊಡುವ ಮೊದಲೇ ಫೋನ್ ಮುಂದೆ ಹಿಡಿದ. ಒಂದು ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವ ಐಪಿಒದ ಪುಟ ಅದರಲ್ಲಿತ್ತು.

“ಮಾವ, ಈ ಐಪಿಒ ನೋಡಿ. ಜಿಎಂಪಿ, ಅಂದ್ರೆ ಪೇಟೆಗೆ ಬರೋ ಮೊದಲೇ ಜನ ಮೇಲೆ ಕೊಡೋ ದುಡ್ಡು, ಎಂಬತ್ತು ಪರ್ಸೆಂಟ್ ಇದೆ. ನಾಳೆ ಕೊನೇ ದಿನ. ಎರಡೂವರೆ ಲಕ್ಷ ಹಾಕಿಬಿಡ್ಲಾ?”

“ಕಂಪನಿ ಏನು ಮಾಡುತ್ತೋ?”

“ಏನೋ ಎಂಜಿನಿಯರಿಂಗ್ ಅಂತೆ.”

ಆ ‘ಏನೋ’ ಅನ್ನುವ ಮಾತು ನನ್ನನ್ನು ರಾತ್ರಿಯಿಡೀ ಕಾಡಿತು. ಯಾಕೆಂದರೆ ಇದೇ ಹುಡುಗ ಹೋದ ವರ್ಷ ಪಕ್ಕದ ಊರಲ್ಲಿ ಎರಡು ಎಕರೆ ತೋಟ ಕೊಳ್ಳುವಾಗ ಆರು ತಿಂಗಳು ಓಡಾಡಿದ್ದ. ಪಹಣಿ ತೆಗೆಸಿದ. ಇಸಿ ತೆಗೆಸಿ ಬ್ಯಾಂಕಿನ ಸಾಲ ಇದೆಯಾ ನೋಡಿದ. ಬಾವಿ ನೀರು ಎಷ್ಟು ಇಳಿಯುತ್ತದೆ ಅಂತ ಏಪ್ರಿಲ್ ಬಿಸಿಲಲ್ಲೇ ಹೋಗಿ ಇಣುಕಿದ. ಹಳದಿ ಎಲೆ ರೋಗ ತಾಗಿದೆಯಾ ಅಂತ ಸಾಲು ಸಾಲು ಮರ ನೋಡಿದ. ಇಷ್ಟು ಚೆನ್ನಾಗಿರೋ ತೋಟವನ್ನು ಅವರು ಯಾಕೆ ಮಾರುತ್ತಿದ್ದಾರೆ ಅಂತ ಊರಿನಲ್ಲಿ ನಾಲ್ಕು ಜನರನ್ನು ಕೇಳಿದ. ಷೇರಿಗೆ ಎರಡೂವರೆ ಲಕ್ಷ ಹಾಕುವಾಗ ಮಾತ್ರ ಈ ಒಂದು ಪ್ರಶ್ನೆಯೂ ಅವನಿಗೆ ಹೊಳೆದಿರಲಿಲ್ಲ.

ತೋಟ ನೋಡುವ ಕಣ್ಣಿನಲ್ಲೇ ಕಂಪನಿಯನ್ನೂ ನೋಡಬಹುದು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಷೇರು ಪೇಟೆಯನ್ನು ನಿಯಂತ್ರಿಸುವ ಸೆಬಿಯಲ್ಲಿ ನೋಂದಣಿ ಮಾಡಿಸಿದ ಸಲಹೆಗಾರನಲ್ಲ, ಹಾಗಾಗಿ ಯಾವ ಷೇರು ಕೊಳ್ಳಬೇಕು ಅಂತ ಹೇಳುವುದಿಲ್ಲ. ನೋಡುವ ಬಗೆಯನ್ನಷ್ಟೇ ಹೇಳುತ್ತೇನೆ.

ಸಣ್ಣದು ಅಂದರೆ ಎಷ್ಟು ಸಣ್ಣದು?

ಮ್ಯೂಚುವಲ್ ಫಂಡ್‌ಗಳಿಗಾಗಿ ಸೆಬಿ 2017ರಲ್ಲಿ ಒಂದು ಅಳತೆ ಮಾಡಿತು. ಕಂಪನಿಯ ಎಲ್ಲ ಷೇರುಗಳ ಒಟ್ಟು ಬೆಲೆಯನ್ನು ಮಾರುಕಟ್ಟೆ ಮೌಲ್ಯ ಅನ್ನುತ್ತಾರೆ. ಆ ಲೆಕ್ಕದಲ್ಲಿ ಮೊದಲ 100 ಕಂಪನಿಗಳು ಲಾರ್ಜ್ ಕ್ಯಾಪ್. 101ರಿಂದ 250ರವರೆಗಿನವು ಮಿಡ್ ಕ್ಯಾಪ್. 251ರಿಂದ ಕೆಳಗಿನದೆಲ್ಲ ಸ್ಮಾಲ್ ಕ್ಯಾಪ್. ಈಚಿನ ಪಟ್ಟಿಗಳನ್ನು ನೋಡಿದರೆ 25 ಸಾವಿರ ಕೋಟಿ ರೂಪಾಯಿಯ ಕಂಪನಿಯೂ ಸ್ಮಾಲ್ ಕ್ಯಾಪ್ ಸಾಲಿನಲ್ಲೇ ಬರುತ್ತದೆ. 60 ಕೋಟಿಯ ಕಂಪನಿಯೂ ಅದೇ ಸಾಲಿನಲ್ಲಿ. ಹಾಗಾಗಿ ಯಾರಾದರೂ “ಸ್ಮಾಲ್ ಕ್ಯಾಪ್ ಒಳ್ಳೇದು” ಅಂದರೆ ಎಷ್ಟು ಕೋಟಿಯದ್ದು ಅಂತ ಮೊದಲು ಕೇಳಬೇಕು.

ಸಣ್ಣ ಕಂಪನಿಯಲ್ಲಿ ಆಸೆಗೆ ಕಾರಣವೂ ಇದೆ. ದೊಡ್ಡ ಫಂಡುಗಳು ಅದರ ಕಡೆ ತಿರುಗಿ ನೋಡಿರುವುದಿಲ್ಲ. ಒಂದು ಹೊಸ ಗಿರಾಕಿ ಸಿಕ್ಕರೂ ಲಾಭ ದುಪ್ಪಟ್ಟಾಗಬಹುದು. ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೆ ಷೇರು ಕೊಟ್ಟಾಗ ಅದೂ ಸಣ್ಣ ಕಂಪನಿಯೇ. ಆಗ ಜನ ಪೂರ್ತಿ ಕೊಳ್ಳಲೂ ಇಲ್ಲ. ಉಳಿದದ್ದನ್ನು ಮೋರ್ಗನ್ ಸ್ಟಾನ್ಲಿ ತೆಗೆದುಕೊಂಡಿತು. ಅದೇ 2008ರಲ್ಲಿ ರಿಲಯನ್ಸ್ ಪವರ್ ಬಂದಾಗ ಬೇಡಿಕೆ ಸುಮಾರು 70 ಪಟ್ಟು. 450 ರೂಪಾಯಿಯ ಷೇರು ಪೇಟೆಗೆ ಬಂದ ಮೊದಲ ದಿನವೇ 400ರ ಕೆಳಗೆ ಮುಗಿಯಿತು. ಎಷ್ಟು ಜನ ನುಗ್ಗಿದರು ಅನ್ನುವುದಕ್ಕೂ ಕಂಪನಿ ಹೇಗಿದೆ ಅನ್ನುವುದಕ್ಕೂ ಸಂಬಂಧ ಎಷ್ಟು ಕಡಿಮೆ ಅಂತ ಯೋಚಿಸುವಾಗಲೆಲ್ಲ ನನಗೆ ಈ ಎರಡೂ ನೆನಪಾಗುತ್ತವೆ.

ದುಡ್ಡು ಯಾರ ಕೈಗೆ ಹೋಗುತ್ತದೆ?

ಐಪಿಒ ಅಂದರೆ ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದು. ಇದರಲ್ಲಿ ಎರಡು ಬಗೆ ಇದೆ. ಇವೆರಡರ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು, ಹೊಸ ಷೇರು. ಇದನ್ನು ಫ್ರೆಶ್ ಇಶ್ಯೂ ಅನ್ನುತ್ತಾರೆ. ನಮ್ಮ ದುಡ್ಡು ಕಂಪನಿಯ ಖಾತೆಗೆ ಹೋಗುತ್ತದೆ. ಯಂತ್ರ ತರಬಹುದು, ಸಾಲ ತೀರಿಸಬಹುದು. ಎರಡನೆಯದು ಆಫರ್ ಫಾರ್ ಸೇಲ್, ಚಿಕ್ಕದಾಗಿ ಓಎಫ್‌ಎಸ್. ಹಳೆಯ ಷೇರುದಾರರು ತಮ್ಮ ಪಾಲನ್ನು ನಮಗೆ ಮಾರುತ್ತಾರೆ. ದುಡ್ಡು ಅವರ ಜೇಬಿಗೆ. ಕಂಪನಿಗೆ ಒಂದು ಪೈಸೆಯೂ ಸೇರುವುದಿಲ್ಲ.

ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಒಬ್ಬರು ಬಂದು “ಹೊಸ ಬೋರ್ ತೆಗೆಸಬೇಕು, ಎರಡು ಎಕರೆಗೆ ಸಸಿ ಹಾಕಬೇಕು, ನೀನೂ ಪಾಲುದಾರನಾಗು” ಅನ್ನುತ್ತಾರೆ. ಇನ್ನೊಬ್ಬರು “ನನ್ನ ಪಾಲು ನೀನು ತಗೋ, ನಾನು ಬೆಂಗಳೂರಿಗೆ ಹೋಗ್ತೀನಿ” ಅನ್ನುತ್ತಾರೆ. ಎರಡನೆಯವರು ಸುಳ್ಳುಗಾರರು ಅಂತೇನಲ್ಲ. ಮಗಳ ಮದುವೆ ಇರಬಹುದು, ವಯಸ್ಸಾಗಿರಬಹುದು. ಹತ್ತು ವರ್ಷ ಹಿಂದೆ ದುಡ್ಡು ಹಾಕಿದ ಹೂಡಿಕೆ ಸಂಸ್ಥೆ ಈಗ ಹೊರಗೆ ಬರುವುದೂ ಸಹಜವೇ. ಆದರೆ ತೋಟವನ್ನು ಒಳಗಿನಿಂದ ಬಲ್ಲವರು ಈ ಬೆಲೆಗೆ ಬಿಟ್ಟು ಹೋಗುತ್ತಿದ್ದಾರೆ ಅನ್ನುವುದು ನಮಗೆ ತಿಳಿದಿರಬೇಕು. ಅವರ ಪಾಲಿನಲ್ಲಿ ಎಷ್ಟು ಮಾರುತ್ತಿದ್ದಾರೆ? ಹತ್ತರಲ್ಲಿ ಒಂದು ಭಾಗವೋ, ಪೂರ್ತಿಯೋ? ಅವರು ಈ ಷೇರನ್ನು ಎಷ್ಟು ರೂಪಾಯಿಗೆ ಪಡೆದಿದ್ದರು? ಮಾರುವವರ ಸರಾಸರಿ ಕೊಂಡ ಬೆಲೆಯನ್ನು ಕಂಪನಿ ತನ್ನ ದಾಖಲೆಯಲ್ಲಿ ಬರೆಯಲೇಬೇಕು. ನಾವು 180 ರೂಪಾಯಿ ಕೊಡುವ ಷೇರು ಅವರಿಗೆ 2 ರೂಪಾಯಿಗೆ ಬಿದ್ದಿದ್ದರೆ ತಪ್ಪಲ್ಲ, ಅವರು ಕಷ್ಟಪಟ್ಟು ಕಟ್ಟಿದ್ದಾರೆ. ಆದರೆ ಎಂಟು ತಿಂಗಳ ಹಿಂದಷ್ಟೇ ಯಾರಿಗೋ 40 ರೂಪಾಯಿಗೆ ಕೊಟ್ಟಿದ್ದರೆ, ಎಂಟು ತಿಂಗಳಲ್ಲಿ ಅದು 180 ಆಗುವಷ್ಟು ಏನು ಬದಲಾಯಿತು ಅಂತ ಕೇಳುವ ಹಕ್ಕು ನಮಗಿದೆ.

ಇನ್ನೊಂದು ವಿಷಯ. ಐಪಿಒ ಯಾವಾಗ ತರಬೇಕು ಅಂತ ತೀರ್ಮಾನಿಸುವುದು ಮಾರುವವರು. ಕೊಳ್ಳುವ ನಾವಲ್ಲ. ಪೇಟೆ ಏರಿದಾಗಲೇ ಐಪಿಒಗಳು ಸಾಲುಗಟ್ಟಿ ಬರುವುದು ಅದಕ್ಕೇ.

ನಮ್ಮ ಮಲೆನಾಡಿಗೆ ವೆನಿಲ್ಲಾ ಬಂದ ಕಾಲ ನೆನಪಿದೆ ಅಲ್ವಾ? 2000ದಲ್ಲಿ ಮಡಗಾಸ್ಕರಿನಲ್ಲಿ ಚಂಡಮಾರುತಕ್ಕೆ ಬೆಳೆ ಹಾಳಾಗಿ ಜಗತ್ತಿನಲ್ಲೆಲ್ಲ ಬೆಲೆ ಏರತೊಡಗಿತು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಾರು ರೂಪಾಯಿ. ಮನೆಯ ಹೆಂಗಸರು ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಾರೆ ಪರಾಗ ತಾಗಿಸುತ್ತಿದ್ದರು. ಕಳ್ಳರ ಭಯಕ್ಕೆ ಗಂಡಸರು ರಾತ್ರಿ ತೋಟದಲ್ಲೇ ಮಲಗುತ್ತಿದ್ದರು. ಆಗ ನಿಜವಾಗಿ ದುಡ್ಡು ಮಾಡಿದವರಲ್ಲಿ ಬಳ್ಳಿಯ ತುಂಡು ಮಾರಿದವರೇ ಜಾಸ್ತಿ. ಆ ತುಂಡನ್ನು ದುಬಾರಿ ಬೆಲೆಗೆ ಕೊಂಡು, ನೆಟ್ಟು, ಮೂರು ವರ್ಷ ಕಾದು ಕೋಡು ಬಿಡಿಸುವಷ್ಟರಲ್ಲಿ ಬೆಲೆ ಕುಸಿದು ಕೇಳುವವರೇ ಇರಲಿಲ್ಲ. ವೆನಿಲ್ಲಾ ಕೆಟ್ಟ ಬೆಳೆಯಾಗಿರಲಿಲ್ಲ. ಬಳ್ಳಿ ಮಾರುವವರಿಗೆ ಒಳ್ಳೆಯ ಕಾಲ ಯಾವುದೋ ಅದೇ ಕಾಲದಲ್ಲಿ ಕೊಂಡವರು ಸೋತರು. ಐಪಿಒ ಜಾತ್ರೆ ನೋಡಿದಾಗಲೆಲ್ಲ ನನಗೆ ಆ ಬಳ್ಳಿಯ ತುಂಡುಗಳೇ ಕಣ್ಣಿಗೆ ಬರುತ್ತವೆ.

ಐನೂರು ಪುಟದಲ್ಲಿ ಎಲ್ಲಿ ನೋಡುವುದು?

ಐಪಿಒಗೆ ಮೊದಲು ಕಂಪನಿ ಒಂದು ಕರಡು ದಾಖಲೆ ಸಲ್ಲಿಸುತ್ತದೆ. ಅದು ಡಿಆರ್‌ಎಚ್‌ಪಿ. ಆಮೇಲೆ ದಿನಾಂಕ ಎಲ್ಲ ಸೇರಿಸಿ ಆರ್‌ಎಚ್‌ಪಿ ಬರುತ್ತದೆ. ಸೆಬಿ, ಷೇರು ವಿನಿಮಯ ಕೇಂದ್ರ, ಐಪಿಒ ನಡೆಸುವ ಮರ್ಚಂಟ್ ಬ್ಯಾಂಕರ್ ಇವರ ಜಾಲತಾಣಗಳಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮುನ್ನೂರು, ನಾನ್ನೂರು, ಐನೂರು ಪುಟ. ಇಂಗ್ಲಿಷ್ ಕಠಿಣ. ನೋಡಿದ ತಕ್ಷಣ ಮುಚ್ಚಿಬಿಡೋಣ ಅನಿಸುತ್ತದೆ. ಪೂರ್ತಿ ಓದಬೇಕಾಗಿಲ್ಲ. ನಾನು ಓದುವ ಜಾಗಗಳು ಕೆಲವೇ.

ಮೊದಲು, ಹಣ ಯಾವುದಕ್ಕೆ ಅನ್ನುವ ಅಧ್ಯಾಯ. “ಕಂಪನಿಯ ಸಾಮಾನ್ಯ ಉದ್ದೇಶಗಳಿಗೆ” ಅಂತ ಒಂದು ಸಾಲು ಎಲ್ಲದರಲ್ಲೂ ಇರುತ್ತದೆ. ಅದಕ್ಕೆ ಮಿತಿ ಇದೆ. ಮುಖ್ಯ ಪೇಟೆಯ (ಸಣ್ಣ ಉದ್ಯಮಗಳಿಗೆಂದೇ ಇರುವ ಬೇರೆ ವೇದಿಕೆಯದ್ದಲ್ಲದ) ಐಪಿಒದಲ್ಲಿ ಶೇ 25 ಮೀರುವಂತಿಲ್ಲ. ಉಳಿದ ಹಣದ ವಿವರ ಗಟ್ಟಿಯಾಗಿರಬೇಕು. ಯಾವ ಯಂತ್ರ, ಯಾರಿಂದ, ಎಷ್ಟಕ್ಕೆ ಅಂತ ಕೊಟೇಶನ್ ಸಮೇತ ಬರೆದಿರುತ್ತಾರೆ. ಆ ಮಾರಾಟಗಾರರ ಹೆಸರನ್ನು ಒಮ್ಮೆ ಹುಡುಕಿ ನೋಡಿ. ಇದು ಸುಮ್ನೆ ಹೇಳುವ ಮಾತಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಟ್ರಾಫಿಕ್‌ಸಾಲ್ ಅನ್ನುವ ಕಂಪನಿಯ ಸುಮಾರು 45 ಕೋಟಿ ರೂಪಾಯಿಯ ಐಪಿಒಗೆ 345 ಪಟ್ಟು ಅರ್ಜಿ ಬಂದಿತ್ತು. 17.7 ಕೋಟಿ ರೂಪಾಯಿಗೆ ಸಾಫ್ಟ್‌ವೇರ್ ಕೊಡಬೇಕಿದ್ದ ಮಾರಾಟಗಾರ ಸಂಸ್ಥೆಯೇ ಹೆಸರಿಗಷ್ಟೇ ಇದ್ದದ್ದು ಅಂತ ಸೆಬಿ ಹೇಳಿತು. ಷೇರು ಪೇಟೆಗೆ ಬರುವುದನ್ನು ತಡೆದು, ಹೂಡಿಕೆದಾರರಿಗೆ ಹಣ ವಾಪಸ್ ಕೊಡಿ ಅಂತ ಆ ಡಿಸೆಂಬರ್‌ನಲ್ಲಿ ಆದೇಶಿಸಿತು. ಅರ್ಜಿ ಹಾಕಿದವರಲ್ಲಿ ಆ ಪುಟ ಓದಿದವರು ಎಷ್ಟು ಜನ ಇದ್ದರೋ.

ಎರಡನೆಯದು, ಅಪಾಯಗಳ ಪಟ್ಟಿ. ಇದರಲ್ಲಿ ಅರ್ಧ ಎಲ್ಲ ಕಂಪನಿಗೂ ಹೊಂದುವಂಥದ್ದು. ಮಳೆ, ಯುದ್ಧ, ಸರ್ಕಾರದ ನೀತಿ. ಅದನ್ನು ದಾಟಿ ಮುಂದೆ ಹೋಗಿ. ಸಂಖ್ಯೆ ಇರುವ ಸಾಲುಗಳಲ್ಲಿ ನಿಲ್ಲಿ. “ನಮ್ಮ ಮಾರಾಟದ ಶೇ 62 ಒಂದೇ ಗಿರಾಕಿಯಿಂದ” ಅಂತ ಇದ್ದರೆ ಆ ಗಿರಾಕಿ ಕೈಬಿಟ್ಟ ದಿನ ಕಾರ್ಖಾನೆ ಏನಾಗುತ್ತದೆ ಅಂತ ಯೋಚಿಸಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟದ ಜಾಗ. ಕಂಪನಿ ತನ್ನ ಪ್ರವರ್ತಕರ, ಅಂದರೆ ಅದನ್ನು ಕಟ್ಟಿ ಹಿಡಿತದಲ್ಲಿ ಇಟ್ಟುಕೊಂಡವರ, ಮನೆಯವರ ಜೊತೆ ಮಾಡಿದ ವ್ಯವಹಾರಗಳ ಪಟ್ಟಿ. ಕಾರ್ಖಾನೆ ಜಾಗ ಯಾರ ಹೆಸರಲ್ಲಿದೆ? ಬಾಡಿಗೆ ಯಾರಿಗೆ ಹೋಗುತ್ತದೆ? ಕಚ್ಚಾ ಮಾಲು ತಮ್ಮನ ಸಂಸ್ಥೆಯಿಂದ ಬರುತ್ತದಾ? ಕೂಡು ಕುಟುಂಬದ ತೋಟದಲ್ಲಿ ಪಾಲು ತೆಗೆದುಕೊಂಡು, ಗೊಬ್ಬರವೆಲ್ಲ ಯಜಮಾನರ ಅಂಗಡಿಯಿಂದಲೇ ಬರುತ್ತಿದ್ದರೆ ನಾವು ಬಿಲ್ ನೋಡುತ್ತೇವೋ ಇಲ್ಲವೋ? ಇಲ್ಲೂ ಹಾಗೆಯೇ.

ಇನ್ನು ಲೆಕ್ಕದ ಪುಟಗಳು. ಇಲ್ಲಿ ಒಂದು ಕಲ್ಪನೆಯ ಕಂಪನಿ ಇಟ್ಟುಕೊಂಡು ಹೇಳುತ್ತೇನೆ. ಶಿವಮೊಗ್ಗ, ಮಾಚೇನಹಳ್ಳಿ ಕಡೆ ಎರಕದ ಕಾರ್ಖಾನೆಗಳಿವೆ, ಅದು ನಮಗೆ ಗೊತ್ತಿರುವ ಉದ್ಯಮ. ಅಂಥದ್ದೊಂದು ಫೌಂಡ್ರಿ ಐಪಿಒ ತರುತ್ತಿದೆ ಅಂದುಕೊಳ್ಳಿ. ಸಂಖ್ಯೆಗಳೆಲ್ಲ ನಾನೇ ಇಟ್ಟದ್ದು.

ಹಿಂದಿನ ವರ್ಷ ಮಾರಾಟ 60 ಕೋಟಿ, ಲಾಭ 2.4 ಕೋಟಿ. ಈ ವರ್ಷ ಮಾರಾಟ 80 ಕೋಟಿ, ಲಾಭ 6 ಕೋಟಿ. ಈಗಿರುವ ಷೇರು 75 ಲಕ್ಷ. ಹೊಸದಾಗಿ 25 ಲಕ್ಷ ಷೇರನ್ನು 180 ರೂಪಾಯಿಯಂತೆ ಮಾರಿ 45 ಕೋಟಿ ಎತ್ತುತ್ತಾರೆ.

ಜಾಹೀರಾತಿನಲ್ಲಿ ಹೀಗಿರಬಹುದು: ಷೇರೊಂದಕ್ಕೆ ಲಾಭ 8 ರೂಪಾಯಿ, ಅಂದರೆ ಪಿಇ 22.5. ಪಿಇ ಅಂದರೆ ಒಂದು ರೂಪಾಯಿ ವರ್ಷದ ಲಾಭಕ್ಕೆ ನಾವು ಎಷ್ಟು ರೂಪಾಯಿ ಕೊಡುತ್ತಿದ್ದೇವೆ ಅನ್ನುವುದು. ಆದರೆ 8 ರೂಪಾಯಿ ಬಂದದ್ದು 6 ಕೋಟಿಯನ್ನು ಹಳೆಯ 75 ಲಕ್ಷ ಷೇರಿಗೆ ಭಾಗಿಸಿ. ನಮ್ಮ ಕೈಗೆ ಷೇರು ಬರುವ ಹೊತ್ತಿಗೆ ಒಟ್ಟು ಷೇರು 1 ಕೋಟಿ. ಆಗ ಷೇರಿಗೆ ಲಾಭ 6 ರೂಪಾಯಿ. ಪಿಇ 30. ಒಂದೇ ಕಂಪನಿ, ಒಂದೇ ಬೆಲೆ. ಊಟಕ್ಕೆ ಕೂತವರು ಜಾಸ್ತಿಯಾದಾಗ ಪಾಲು ಕಡಿಮೆಯಾಗುವುದು ಸಹಜ. ಹೊಸ 45 ಕೋಟಿಯಿಂದ ಮುಂದೆ ಲಾಭ ಬೆಳೆಯಬಹುದು, ಅದು ನಿಜ. ಆದರೆ ಅದು ಮುಂದಿನ ಮಾತು. ಲೆಕ್ಕ ಹಾಕುವಾಗ ಐಪಿಒ ನಂತರದ ಷೇರಿನ ಸಂಖ್ಯೆಯನ್ನೇ ಹಿಡಿಯಬೇಕು.

ಇದೇ ಉದ್ಯಮದ ಬೇರೆ ಕಂಪನಿಗಳ ಪಿಇ ಎಷ್ಟು ಅಂತ ಆರ್‌ಎಚ್‌ಪಿಯಲ್ಲಿ ಪಟ್ಟಿ ಇರುತ್ತದೆ. ಹೋಲಿಕೆಗೆ ಯಾರನ್ನು ಆರಿಸಬೇಕು ಅನ್ನುವುದು ಕಂಪನಿಯ ಕೈಯಲ್ಲೇ ಇದೆ, ನೆನಪಿರಲಿ. ದೊಡ್ಡ, ದುಬಾರಿ ಕಂಪನಿಗಳನ್ನು ಪಕ್ಕದಲ್ಲಿ ನಿಲ್ಲಿಸಿದರೆ ತಾನು ಅಗ್ಗವಾಗಿ ಕಾಣುವುದು ಸುಲಭ.

ಲಾಭ ಒಂದೇ ವರ್ಷದಲ್ಲಿ 2.4ರಿಂದ 6 ಕೋಟಿಗೆ ಹಾರಿದೆ. ಮಾರಾಟ ಮೂರನೇ ಒಂದು ಭಾಗ ಏರಿದರೆ ಲಾಭ ಎರಡೂವರೆ ಪಟ್ಟು ಹೇಗಾಯಿತು? ಹೊಸ ಯಂತ್ರ ಬಂದಿರಬಹುದು, ಗುಜರಿ ಕಬ್ಬಿಣದ ಬೆಲೆ ಇಳಿದಿರಬಹುದು. ಉತ್ತರ ದಾಖಲೆಯಲ್ಲಿ ಸಿಗಬೇಕು. ತೋಟ ಮಾರುವ ವರ್ಷ ಗೊಬ್ಬರ, ನೀರು ಚೆನ್ನಾಗಿ ಕೊಟ್ಟು ಹಸಿರು ಮಾಡಿ ತೋರಿಸುವುದನ್ನು ನಾವು ಕಂಡವರು.

ಈಗ ನಗದು. ಕಂಪನಿ 6 ಕೋಟಿ ಲಾಭ ಬರೆದಿದೆ, ಸರಿ. ಆದರೆ ವ್ಯವಹಾರದಿಂದ ಬಂದ ನಗದು ಅನ್ನುವ ಸಾಲಿನಲ್ಲಿ 2 ಕೋಟಿ ಮೈನಸ್ ಇದೆ. ಅದು ಹೇಗೆ? ಗಿರಾಕಿಗಳಿಂದ ಬರಬೇಕಾದ ಬಾಕಿ ನೋಡಿ. ಹಿಂದಿನ ವರ್ಷ 12 ಕೋಟಿ ಇತ್ತು. ಈಗ 27 ಕೋಟಿ. ದಿನದ ಲೆಕ್ಕದಲ್ಲಿ, ಮಾಲು ಕೊಟ್ಟು ದುಡ್ಡು ಬರಲು ಮೊದಲು 73 ದಿನ ಬೇಕಿತ್ತು, ಈಗ 123 ದಿನ. ಅಂದರೆ ಮಾರಾಟ ಏರಿಸಲು ಉದ್ರಿ ಕೊಟ್ಟಿದ್ದಾರೆ. ಅಡಿಕೆಯನ್ನು ಯಾರಿಗೋ ಉದ್ರಿಯಲ್ಲಿ ಕೊಟ್ಟು “ಈ ಸಲ ಒಳ್ಳೆ ರೇಟು ಸಿಕ್ತು” ಅಂತ ಹೇಳಿಕೊಂಡರೆ ಮನೆಯಲ್ಲಿ ಮೊದಲ ಪ್ರಶ್ನೆ ಏನು? ದುಡ್ಡು ಬಂತಾ ಅಂತ. ಲಾಭದಷ್ಟು ಅಥವಾ ಅದರ ಹತ್ತಿರಹತ್ತಿರ ನಗದು ಮೂರು ನಾಲ್ಕು ವರ್ಷ ಸತತ ಬಂದಿದೆಯಾ? ಸಣ್ಣ ಕಂಪನಿಗೆ ನಾನು ಇಡುವ ಪರೀಕ್ಷೆಗಳಲ್ಲಿ ಇದೇ ದೊಡ್ಡದು. ವೇಗವಾಗಿ ಬೆಳೆಯುವ ಒಳ್ಳೆಯ ಕಂಪನಿಗೂ ಒಂದು ವರ್ಷ ನಗದು ಮೈನಸ್ ಆಗಬಹುದು. ವರ್ಷ ವರ್ಷವೂ ಆದರೆ ನಾನು ಪುಸ್ತಕ ಮುಚ್ಚುತ್ತೇನೆ.

ಸಾಲ, ಬಡ್ಡಿ, ಹಾಕಿದ ಬಂಡವಾಳಕ್ಕೆ ಎಷ್ಟು ಪರ್ಸೆಂಟ್ ದುಡಿಯುತ್ತಿದೆ, ಕೋರ್ಟಿನಲ್ಲಿ ಏನು ಕೇಸಿದೆ, ಇವನ್ನೂ ನೋಡಬೇಕು. ಬ್ಯಾಂಕಿಗೆ ಕಟ್ಟುವ ಬಡ್ಡಿ ದರಕ್ಕಿಂತ ಕಡಿಮೆ ದುಡಿಯುವ ಕಂಪನಿ ಸಾಲ ಮಾಡಿ ಬೆಳೆದರೆ ಏನು ಬಂತು?

ಅರ್ಜಿ ಹಾಕಿದ ಮೇಲೆ ಏನಾಗುತ್ತದೆ?

ಇದು ಸರಳ. ಕಂಪನಿ ಒಂದು ಬೆಲೆಯ ವ್ಯಾಪ್ತಿ ಕೊಡುತ್ತದೆ. ಐಪಿಒ ಕನಿಷ್ಠ ಮೂರು ಕೆಲಸದ ದಿನ ತೆರೆದಿರುತ್ತದೆ. ನಾವು ಲಾಟ್ ಲೆಕ್ಕದಲ್ಲಿ, ಅಂದರೆ ಇಷ್ಟು ಷೇರಿಗೆ ಒಂದು ಕಟ್ಟು ಅನ್ನುವ ಲೆಕ್ಕದಲ್ಲಿ, ಅರ್ಜಿ ಹಾಕುತ್ತೇವೆ. ಹಣ ನಮ್ಮ ಖಾತೆಯಲ್ಲೇ ಇರುತ್ತದೆ, ಬ್ಯಾಂಕ್ ಅದನ್ನು ತಡೆಹಿಡಿಯುತ್ತದೆ ಅಷ್ಟೇ. ಷೇರು ಸಿಗದಿದ್ದರೆ ತಡೆ ಬಿಡುತ್ತದೆ. 2023ರ ಡಿಸೆಂಬರ್‌ನಿಂದ, ಐಪಿಒ ಮುಗಿದ ಮೂರೇ ಕೆಲಸದ ದಿನಗಳಲ್ಲಿ ಷೇರು ಪೇಟೆಗೆ ಬರಲೇಬೇಕು.

ಮುಖ್ಯ ಪೇಟೆಯಲ್ಲಿ 2 ಲಕ್ಷ ರೂಪಾಯಿವರೆಗೆ ಅರ್ಜಿ ಹಾಕುವವರು ಸಣ್ಣ ಹೂಡಿಕೆದಾರರು. ಅರ್ಜಿ ವಿಪರೀತ ಬಂದರೆ ಚೀಟಿ ಎತ್ತಿದ ಹಾಗೆ ಆರಿಸಿ ತಲೆಗೊಂದು ಲಾಟ್ ಕೊಡುತ್ತಾರೆ. ಹಾಗಾಗಿ ಹದಿಮೂರು ಲಾಟಿಗೆ ದುಡ್ಡು ಕಟ್ಟಿದರೂ ಸಿಗುವುದು ಒಂದೇ. ಸಣ್ಣವರಿಗೆ ಸಾಮಾನ್ಯವಾಗಿ ಕನಿಷ್ಠ ಶೇ 35 ಪಾಲು ಇರುತ್ತದೆ. ಅದು ಶೇ 10 ಅಂತ ಕಂಡರೆ ಎಚ್ಚರವಾಗಿ. ಲಾಭದ ಇತಿಹಾಸದ ಷರತ್ತು ಪೂರೈಸದ ಕಂಪನಿಗಳಿಗೆ ಸೆಬಿ ಇಟ್ಟ ನಿಯಮ ಅದು. ದೊಡ್ಡ ಸಂಸ್ಥೆಗಳೇ ಬಹುಪಾಲು ಕೊಂಡು ಅಪಾಯ ಹೊರಲಿ ಅಂತ. 2021ರ ನವೆಂಬರ್‌ನ ಪೇಟಿಎಂ ಐಪಿಒ ಹಾಗೆ ಬಂದದ್ದು. 2,150 ರೂಪಾಯಿಯ ಷೇರು ಮೊದಲ ದಿನವೇ ಶೇ 27ರಷ್ಟು ಬಿತ್ತು.

ಹೆಸರು ದೊಡ್ಡದಿದ್ದರೆ ಸಾಕು ಅಂತಲೂ ಇಲ್ಲ. 2022ರ ಮೇ ತಿಂಗಳಲ್ಲಿ ಎಲ್‌ಐಸಿ ಬಂದಾಗ ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ ಇತ್ತು. ನಮ್ಮ ಬೀದಿಯಲ್ಲಿ ಮೂರು ಮನೆಯವರು ಅದಕ್ಕೆಂದೇ ಷೇರು ಇಡುವ ಡಿಮ್ಯಾಟ್ ಖಾತೆ ತೆರೆದರು. 949ರ ಷೇರು ಮೊದಲ ದಿನ ಅದಕ್ಕಿಂತ ಕೆಳಗೇ ಮುಗಿಯಿತು. ಸಂಸ್ಥೆ ಒಳ್ಳೆಯದೇ. ಕೊಂಡ ಬೆಲೆ ಬೇರೆ ಮಾತು.

ಜಿಎಂಪಿ ಬಗ್ಗೆ ಕೇಳುತ್ತೀರಿ. ಗ್ರೇ ಮಾರ್ಕೆಟ್ ಪ್ರೀಮಿಯಂ ಅಂದರೆ ಪೇಟೆಗೆ ಬರುವ ಮೊದಲೇ ಬಾಯಿಮಾತಿನಲ್ಲಿ ನಡೆಯುವ ವ್ಯಾಪಾರದಲ್ಲಿ ಐಪಿಒ ಬೆಲೆಯ ಮೇಲೆ ಕೊಡುವ ಹೆಚ್ಚಿನ ದುಡ್ಡು. ಇದಕ್ಕೆ ರಸೀದಿ ಇಲ್ಲ, ಸೆಬಿಯ ಕಣ್ಗಾವಲಿಲ್ಲ. ಎಷ್ಟು ಷೇರು ಕೈ ಬದಲಾಯಿತು ಅಂತ ಯಾರೂ ತೋರಿಸುವುದಿಲ್ಲ. ಕೆಲವೇ ಜನ ಸೇರಿ ಒಂದು ಸಂಖ್ಯೆ ಹೇಳಿದರೆ ಅದೇ ರಾತ್ರಿ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ಓಡಾಡುತ್ತದೆ. ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೇನೆ. ನೋಡಿದರೆ ಮನಸ್ಸು ಅಲ್ಲೇ ಅಂಟಿಕೊಳ್ಳುತ್ತದೆ.

ಎಸ್‌ಎಂಇ ಐಪಿಒ ಬೇರೆಯೇ ಜಾತಿ

ನನ್ನ ಅಕ್ಕನ ಮಗ ತಂದದ್ದು ಇದು. ಸಣ್ಣ, ಮಧ್ಯಮ ಉದ್ಯಮಗಳಿಗೆ ಬಂಡವಾಳ ಸಿಗಲಿ ಅಂತ 2012ರಲ್ಲಿ ಬಿಎಸ್‌ಇ, ಎನ್‌ಎಸ್‌ಇ ಎರಡೂ ಷೇರು ವಿನಿಮಯ ಕೇಂದ್ರಗಳು ಎಸ್‌ಎಂಇ ಅನ್ನುವ ಬೇರೆ ವೇದಿಕೆ ಶುರು ಮಾಡಿದವು. ಉದ್ದೇಶ ಒಳ್ಳೆಯದು, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಭದ್ರಾವತಿಯ ಕಾಗದ ಕಾರ್ಖಾನೆ ನಿಂತ ಮೇಲೆ ಆ ಊರು ಹೇಗಾಯಿತು ಅಂತ ಕಣ್ಣಾರೆ ಕಂಡವರಿಗೆ ಸಣ್ಣ ಕಾರ್ಖಾನೆಗಳು ಬೆಳೆಯಲಿ ಅನ್ನುವ ಆಸೆ ಇದ್ದೇ ಇರುತ್ತದೆ. ಆದರೆ ಇಲ್ಲಿ ಪರಿಶೀಲನೆ ಬಹುಪಾಲು ಷೇರು ವಿನಿಮಯ ಕೇಂದ್ರದ ಮಟ್ಟದಲ್ಲಿ ಮುಗಿಯುತ್ತದೆ. ಮುಖ್ಯ ಪೇಟೆಯ ಐಪಿಒದಂತೆ ಸೆಬಿ ಕೂತು ಓದುವುದಿಲ್ಲ.

2024ರ ಆಗಸ್ಟ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. ದೆಹಲಿಯಲ್ಲಿ ಎರಡು ಬೈಕ್ ಶೋರೂಂ, ಎಂಟು ಜನ ನೌಕರರು ಇದ್ದ ರಿಸೋರ್ಸ್‌ಫುಲ್ ಆಟೋಮೊಬೈಲ್ ಕಂಪನಿ 12 ಕೋಟಿ ರೂಪಾಯಿ ಕೇಳಿತು. ಬಂದ ಅರ್ಜಿಗಳ ಮೊತ್ತ 4,700 ಕೋಟಿಗೂ ಜಾಸ್ತಿ. ಅದೇ ವರ್ಷ ಜುಲೈನಲ್ಲಿ ಎನ್‌ಎಸ್‌ಇ, ಎಸ್‌ಎಂಇ ಷೇರು ಮೊದಲ ದಿನ ತೆರೆಯುವಾಗ ಐಪಿಒ ಬೆಲೆಗಿಂತ ಶೇ 90ರ ಮೇಲೆ ಹೋಗಬಾರದು ಅಂತ ಕಟ್ಟು ಹಾಕಿತ್ತು. ಇಂಥ ಕಟ್ಟು ಬೇಕಾಯಿತು ಅಂದರೆ ಹುಚ್ಚು ಎಷ್ಟಿತ್ತು ಅಂತ ಊಹಿಸಿ.

ಆಮೇಲೆ ಸೆಬಿ ನಿಯಮ ಬಿಗಿ ಮಾಡಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ 1 ಕೋಟಿ ರೂಪಾಯಿ ಕಾರ್ಯಾಚರಣೆ ಲಾಭ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ) ಇರಬೇಕು. ಓಎಫ್‌ಎಸ್ ಪಾಲು ಇಡೀ ಐಪಿಒದ ಶೇ 20 ಮೀರಬಾರದು. ಪ್ರವರ್ತಕರ ಸಾಲ ತೀರಿಸಲು ಈ ಹಣ ಬಳಸುವಂತಿಲ್ಲ. ಸಾಮಾನ್ಯ ಉದ್ದೇಶಕ್ಕೆ ಶೇ 15 ಅಥವಾ 10 ಕೋಟಿ, ಯಾವುದು ಕಡಿಮೆಯೋ ಅಷ್ಟು. ಸಾಮಾನ್ಯ ಜನ ಕನಿಷ್ಠ ಎರಡು ಲಾಟ್‌ಗೆ, ಅಂದರೆ 2 ಲಕ್ಷ ರೂಪಾಯಿ ಮೀರಿ ಅರ್ಜಿ ಹಾಕಬೇಕು. ಈ ಕೊನೆಯದನ್ನು ಅನೇಕರು ಬೈಯುತ್ತಾರೆ. ನನಗೆ ಸರಿ ಅನಿಸುತ್ತದೆ. ಎರಡು ಲಕ್ಷ ಕಳೆದುಕೊಂಡರೆ ಮನೆ ನಡೆಯುವುದಿಲ್ಲ ಅನ್ನುವವರು ಇಲ್ಲಿಗೆ ಬರಬಾರದು ಅಂತಲೇ ಆ ಬೇಲಿ.

ಮತ್ತೊಂದು ತೊಡಕು ಇದೆ. ಎಸ್‌ಎಂಇ ಷೇರನ್ನು ಪೇಟೆಯಲ್ಲೂ ಲಾಟ್ ಲೆಕ್ಕದಲ್ಲೇ ಮಾರಬೇಕು. ತುರ್ತಿಗೆ ಐವತ್ತು ಷೇರು ಕೊಟ್ಟು ಆಸ್ಪತ್ರೆ ಖರ್ಚು ತೂಗಿಸೋಣ ಅಂದರೆ ಆಗುವುದಿಲ್ಲ. ಪೂರ್ತಿ ಲಾಟ್ ಕೊಳ್ಳುವವರು ಆ ದಿನ ಸಿಗಬೇಕು.

ಕೊಳ್ಳುವುದು ಸುಲಭ, ಬಿಡಿಸಿಕೊಳ್ಳುವುದು ಕಷ್ಟ

ಇದನ್ನು ನಾನು ಓದಿ ಕಲಿತದ್ದಲ್ಲ. 2017ರ ಕೊನೆಯಲ್ಲಿ ಒಂದು ಸಣ್ಣ ಕಂಪನಿಯ 500 ಷೇರನ್ನು 112 ರೂಪಾಯಿಯಂತೆ ಕೊಂಡಿದ್ದೆ. ಸ್ನೇಹಿತರೊಬ್ಬರು ಹೇಳಿದ್ದರು, ನಾನೂ ಲಾಭ ನೋಡಿ ಒಪ್ಪಿದ್ದೆ. ನಗದಿನ ಪುಟ ನೋಡಿರಲಿಲ್ಲ. ಮರುವರ್ಷ ಒಂದು ಸಂಜೆ ಅವರ ಲೆಕ್ಕ ಪರಿಶೋಧಕರು ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟರು. ಲೆಕ್ಕದಲ್ಲೇನೋ ಸರಿಯಿಲ್ಲ ಅಂತ ಎಲ್ಲರಿಗೂ ಅನುಮಾನ ಬರಲು ಅಷ್ಟು ಸಾಕು. ಆಗ ಬೆಲೆ 108. ಮರುದಿನ ಬೆಳಗ್ಗೆ ಮಾರಲು ಕೂತೆ. ಬೆಲೆ ಶೇ 5 ಇಳಿದು ಅಲ್ಲೇ ನಿಂತುಬಿಟ್ಟಿತು. ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಇಳಿಯಬಾರದು ಅಂತ ಇರುವ ಮಿತಿ ಅದು, ಲೋವರ್ ಸರ್ಕ್ಯೂಟ್ ಅನ್ನುತ್ತಾರೆ. ಮಾರುವವರು ಸಾವಿರಾರು, ಕೊಳ್ಳುವವರು ಒಬ್ಬರೂ ಇಲ್ಲ. ಎರಡನೇ ದಿನವೂ ಹಾಗೆ. ಮೂರನೇ ದಿನವೂ. ಹನ್ನೊಂದು ದಿನ ಬೆಳಗ್ಗೆ ಒಂಬತ್ತಕ್ಕೇ ಕೂತು ಅರ್ಜಿ ಹಾಕಿದೆ. ಕೊನೆಗೆ 61 ರೂಪಾಯಿಗೆ ಹೋಯಿತು. ದುಡ್ಡಿಗಿಂತ ಆ ಹನ್ನೊಂದು ಬೆಳಗ್ಗೆಗಳ ಕೈಕಟ್ಟಿದ ಸ್ಥಿತಿ ಇನ್ನೂ ಮರೆತಿಲ್ಲ.

ಆವತ್ತಿನಿಂದ ಸಣ್ಣ ಷೇರು ಕೊಳ್ಳುವ ಮೊದಲು ದಿನಕ್ಕೆ ಎಷ್ಟು ಷೇರು ಕೈ ಬದಲಾಗುತ್ತದೆ ಅಂತ ನೋಡುತ್ತೇನೆ. ನನ್ನ ಪಾಲು ಮಾರಲು ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕುತ್ತೇನೆ. ಪ್ರವರ್ತಕರು ತಮ್ಮ ಷೇರನ್ನು ಅಡವಿಟ್ಟಿದ್ದಾರಾ ನೋಡುತ್ತೇನೆ. ಮೂರು ತಿಂಗಳಿಗೊಮ್ಮೆ ವಿನಿಮಯ ಕೇಂದ್ರದ ತಾಣದಲ್ಲಿ ಬರುವ ಷೇರುದಾರರ ಪಟ್ಟಿಯಲ್ಲಿ ಅದಿರುತ್ತದೆ. ಜಮೀನಿಗೆ ಇಸಿ ಇದ್ದ ಹಾಗೆ ಅದು. ಅಡವಿಟ್ಟ ಷೇರಿನ ಬೆಲೆ ಬಿದ್ದರೆ ಸಾಲ ಕೊಟ್ಟವರು ಪೇಟೆಯಲ್ಲಿ ಮಾರಿಬಿಡುತ್ತಾರೆ. ಆಗ ಇನ್ನೂ ಬೀಳುತ್ತದೆ. ವಿನಿಮಯ ಕೇಂದ್ರಗಳು ಇಡುವ ಎಎಸ್‌ಎಂ, ಜಿಎಸ್‌ಎಂ ಅನ್ನುವ ನಿಗಾ ಪಟ್ಟಿಗಳಲ್ಲಿ ಆ ಷೇರಿನ ಹೆಸರು ಇದ್ದರೆ ದೂರ ಇರುತ್ತೇನೆ.

ಐಪಿಒದಲ್ಲಿ ಸಿಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಷೇರು ಎಲ್ಲಿಗೂ ಓಡಿಹೋಗುವುದಿಲ್ಲ. ಆಂಕರ್ ಅನ್ನುವ ದೊಡ್ಡ ಹೂಡಿಕೆದಾರರ ಅರ್ಧ ಷೇರಿಗೆ 30 ದಿನ, ಉಳಿದ ಅರ್ಧಕ್ಕೆ 90 ದಿನ ಮಾರದಂತೆ ಬೀಗ ಇರುತ್ತದೆ. ಐಪಿಒಗೆ ಮೊದಲಿದ್ದ ಅನೇಕರಿಗೆ ಆರು ತಿಂಗಳು. ಈ ಬೀಗಗಳು ತೆರೆಯುವಾಗ ಮಾರುವವರು ಜಾಸ್ತಿಯಾಗಿ ಬೆಲೆ ಇಳಿಯುವುದುಂಟು. ಅಷ್ಟರಲ್ಲಿ ಒಂದೆರಡು ಸಲ ಫಲಿತಾಂಶವೂ ಬಂದಿರುತ್ತದೆ. ಆರ್‌ಎಚ್‌ಪಿಯಲ್ಲಿ ಹೇಳಿದ್ದು ನಡೆಯುತ್ತಿದೆಯಾ, ಯಂತ್ರ ಬಂತಾ, ಬಾಕಿ ಇಳಿಯಿತಾ ಅಂತ ನೋಡಿ ಆಮೇಲೆ ಕೊಳ್ಳಬಹುದು. ನಾನು ಈಗ ಮಾಡುವುದು ಹಾಗೆಯೇ. ಮೊದಲ ದಿನದ ಏರಿಕೆ ಕೈತಪ್ಪುತ್ತದೆ, ಹೌದು. ಅದನ್ನು ಒಪ್ಪಿಕೊಂಡಿದ್ದೇನೆ.

ಎಷ್ಟು ಹಾಕಬೇಕು ಅನ್ನುವುದಕ್ಕೆ ನನ್ನ ಹತ್ತಿರ ದೊಡ್ಡ ಸೂತ್ರವಿಲ್ಲ. 2018ರ ಆರಂಭದಿಂದ 2020ರ ಮಾರ್ಚ್‌ವರೆಗೆ ಸ್ಮಾಲ್ ಕ್ಯಾಪ್ ಸೂಚ್ಯಂಕವೇ ಅರ್ಧಕ್ಕಿಂತ ಜಾಸ್ತಿ ಬಿದ್ದಿತ್ತು. ಒಂದು ಕಂಪನಿ ಅಲ್ಲ, ಇಡೀ ಗುಂಪು. ಹಾಗೆ ಬಿದ್ದರೂ ಐದು ವರ್ಷ ಮುಟ್ಟದೆ ಇರಬಲ್ಲ ದುಡ್ಡನ್ನು ಮಾತ್ರ ಇಲ್ಲಿ ಇಡುತ್ತೇನೆ. ಕೊಳೆ ರೋಗದ ವರ್ಷಕ್ಕೆ, ಮಕ್ಕಳ ಫೀಸಿಗೆ ಅಂತ ಇಟ್ಟದ್ದು ಬ್ಯಾಂಕಿನಲ್ಲೇ ಇರಲಿ.

ಆ ರಾತ್ರಿ ಅಕ್ಕನ ಮಗನಿಗೆ ಹಾಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಆರ್‌ಎಚ್‌ಪಿ ಇಳಿಸಿಕೊಟ್ಟೆ. ಮೇಲೆ ಹೇಳಿದ ಮೂರು ಜಾಗಗಳ ಪುಟ ಸಂಖ್ಯೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಬೆಳಗಿನ ಬಸ್ಸಿಗೆ ಹೋದ. ಮಧ್ಯಾಹ್ನ ಫೋನ್ ಬಂತು.

“ಮಾವ, ಕಾರ್ಖಾನೆ ಜಾಗ ಅವರ ಹೆಂಡತಿ ಹೆಸರಲ್ಲಿದೆ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಹೋದ ವರ್ಷ ಬಾಡಿಗೆ ಡಬಲ್ ಆಗಿದೆ. ಯಾಕೆ ಅಂತ ಬರೆದೇ ಇಲ್ಲ.”

“ಹೂಂ. ಅರ್ಜಿ ಹಾಕಿದ್ಯಾ?”

“ಇಲ್ಲ. ನಗದಿನ ಪುಟ ಇನ್ನೂ ನೋಡ್ಬೇಕು. ಮಳೆ ಸ್ವಲ್ಪ ಬಿಟ್ಟಿದೆ, ಔಷಧಿ ಹೊಡೆಯೋರು ಬಂದಿದ್ದಾರೆ. ರಾತ್ರಿ ಮಾಡ್ತೀನಿ, ಇಡ್ಲಾ?”